ಹೆಲ್ಮೆಟ್, ಗ್ಲೌಸ್, ನೀ ಗಾರ್ಡ್, ಜಾಕೆಟ್: ದಿನಾ ಗಾಡಿ ಓಡಿಸುವವರು ಮೊದಲು ಯಾವುದನ್ನು ಕೊಳ್ಳಬೇಕು?

ಹೋದ ಜೂನ್‌ನಲ್ಲಿ ಗಾಡಿಯಿಂದ ಬಿದ್ದೆ. ಅಣ್ಣಿಗೇರಿಯಲ್ಲಿ ಶಾಲೆ ಮುಗಿಸಿ ಹುಬ್ಬಳ್ಳಿ ಕಡೆ ಬರುತ್ತಿದ್ದೆ. ಸಂಜೆ ಐದೂವರೆ ಇರಬಹುದು. ಅರ್ಧ ಗಂಟೆ ಮೊದಲು ಮಳೆ ಬಂದು ನಿಂತಿತ್ತು. ಹೊಲದಿಂದ ಒಂದು ಟ್ರ್ಯಾಕ್ಟರ್ ರಸ್ತೆಗೆ ಹತ್ತಿ ಹೋಗಿತ್ತು. ಅದರ ಗಾಲಿಗೆ ಮೆತ್ತಿದ್ದ ಎರಿ ಮಣ್ಣು ಡಾಂಬರಿನ ಮೇಲೆ ಇಪ್ಪತ್ತು ಮೂವತ್ತು ಅಡಿ ಉದ್ದಕ್ಕೂ ಬಿದ್ದಿತ್ತು. ಈ ಕಡೆಯವರಿಗೆ ನಾನು ಹೇಳಬೇಕಿಲ್ಲ, ಒದ್ದೆ ಎರಿ ಮಣ್ಣು ಅಂದರೆ ಸಾಬೂನೇ. ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದುಬಿಟ್ಟೆ. ಮುಂದಿನ ಗಾಲಿ ಜಾರಿತು. ವೇಗ ಮೂವತ್ತು, ಬಹಳ ಅಂದರೆ ಮೂವತ್ತೈದು.

ಹೊಲದಲ್ಲಿದ್ದ ಇಬ್ಬರು ಓಡಿ ಬಂದರು. "ಸರ, ಎಲ್ಲೆ ಬಡೀತ್ರಿ? ತಲಿಗೆ ಏನರ ಆತೇನು?" ಅಂತ ಕೇಳುತ್ತಲೇ ಒಬ್ಬರು ಗಾಡಿ ಎತ್ತಿ ನಿಲ್ಲಿಸಿದರು. ಇನ್ನೊಬ್ಬರು ತಮ್ಮ ಬಾಟಲಿಯ ನೀರನ್ನು ನನ್ನ ಅಂಗೈ ಮೇಲೆ ಸುರಿದರು. ಆಗಲೇ ನನಗೆ ಉರಿ ಗೊತ್ತಾಗಿದ್ದು.

ಮಳೆ ಹನಿ ಒರೆಸಿಕೊಳ್ಳಲು ಸ್ವಲ್ಪ ಹಿಂದೆ ಗಾಡಿ ನಿಲ್ಲಿಸಿ ಎಡಗೈ ಗ್ಲೌಸ್ ತೆಗೆದಿದ್ದೆ. ಮತ್ತೆ ಹಾಕಿಕೊಳ್ಳದೆ ಜೇಬಿಗೆ ತುರುಕಿದ್ದೆ. ಬೀಳುವಾಗ ಎರಡೂ ಕೈ ನೆಲಕ್ಕೆ ಹೋದವು. ಬಲಗೈ ಗ್ಲೌಸಿನ ಅಂಗೈ ಭಾಗದ ಚರ್ಮ ಕೆತ್ತಿತ್ತು, ಒಳಗಿನ ಕೈಗೆ ಒಂದು ಗೆರೆಯೂ ಇರಲಿಲ್ಲ. ಎಡ ಅಂಗೈಯ ಚರ್ಮ ಎರಡು ಬೆರಳು ಅಗಲ ಕಿತ್ತುಹೋಗಿ, ಒಳಗೆ ಸಣ್ಣ ಖಡಿ ಕೂತಿತ್ತು. ಎಡ ಮೊಣಕಾಲಿನ ಹತ್ತಿರ ಪ್ಯಾಂಟ್ ಹರಿದು ಮೊಣಕಾಲು ಬಾತಿತ್ತು. ಮೊಣಕೈ ತರಚಿತ್ತು. ಹೆಲ್ಮೆಟ್‌ನ ಗದ್ದದ ಭಾಗದಲ್ಲಿ, ಎಡಕ್ಕೆ, ಹೆಬ್ಬೆರಳಿನಷ್ಟು ಉದ್ದದ ಆಳವಾದ ಗೀರು. ಆ ಗೀರು ನನ್ನ ದವಡೆಯ ಮೇಲೆ ಬೀಳಬೇಕಾಗಿತ್ತು.

ಹನ್ನೊಂದು ದಿನ ಕ್ಲಚ್ ಹಿಡಿಯಲು ಆಗಲಿಲ್ಲ. ಸ್ನಾನಕ್ಕೆ ಎಡಗೈಯಲ್ಲಿ ತಂಬಿಗೆ ಎತ್ತಲೂ ಆಗಲಿಲ್ಲ. ಇಷ್ಟೆಲ್ಲ ಆದಾಗ 7 ಸಾವಿರ ರೂಪಾಯಿ ಕೊಟ್ಟು ತಂದಿದ್ದ ನನ್ನ ರೈಡಿಂಗ್ ಜಾಕೆಟ್ ಕೇಶ್ವಾಪುರದ ಮನೆಯಲ್ಲಿ ಗೂಟಕ್ಕೆ ತೂಗುತ್ತಿತ್ತು. ದೂರದ ಪ್ರಯಾಣಕ್ಕೆ ಅಂತ ತಂದದ್ದು. ಎರಡು ವರ್ಷದಲ್ಲಿ ಆರು ಸಲ ಹಾಕಿರಬಹುದು.

ಇದೆಲ್ಲ ಈಗ ಬರೆಯುತ್ತಿರುವುದಕ್ಕೆ ಕಾರಣ ನನ್ನ ಅಕ್ಕನ ಮಗ. ಧಾರವಾಡದಲ್ಲಿ ಇರುತ್ತಾನೆ, ದಿನಾ ಹುಬ್ಬಳ್ಳಿಗೆ ಬೈಕಿನಲ್ಲಿ ಕೆಲಸಕ್ಕೆ ಬರುತ್ತಾನೆ. "ಮಾಮಾ, ಎಂಟ ಸಾವಿರ ಕೂಡಿಸೇನಿ. ಒಂದು ಚಲೋ ಜಾಕೆಟ್ ತಗೋಬೇಕಂತ ಮಾಡೇನಿ, ಯಾವುದು ತಗೊಳ್ಳಿ?" ಅಂತ ಫೋನ್ ಮಾಡಿದ. ಜಾಕೆಟ್ ಬೇಡ ಅಂದೆ. ಯಾಕೆ ಬೇಡ, ಆ ದುಡ್ಡಿಗೆ ಏನೇನು ತಗೋಬೇಕು ಅಂತ ಹೇಳುತ್ತಾ ಹೋದಾಗ ಮುಕ್ಕಾಲು ಗಂಟೆ ಆಯಿತು. ಅದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ನೆಲಕ್ಕೆ ತಾಗುವುದು ಯಾವುದು?

ಅಂಗಡಿಗೆ ಹೋದರೆ ಎಲ್ಲವೂ ಬೇಕು ಅನಿಸುತ್ತದೆ. ಹಾಗಾಗಿ ಅಂಗಡಿಗೆ ಹೋಗುವ ಮೊದಲೇ ಒಂದು ವಿಷಯ ಯೋಚಿಸಿ. ನಾವು ದಿನಾ ಓಡಿಸುವ ವೇಗದಲ್ಲಿ, ಅಂದರೆ ಮೂವತ್ತರಿಂದ ಐವತ್ತರಲ್ಲಿ, ಗಾಡಿ ಜಾರಿದರೆ ಮೈಯ ಯಾವ ಭಾಗ ನೆಲಕ್ಕೆ ಹೋಗುತ್ತದೆ? ಕೈ. ಅದನ್ನು ನಾವು ತಡೆಯಲು ಆಗುವುದಿಲ್ಲ. ಬೀಳುವಾಗ ಕೈ ಮುಂದೆ ಚಾಚುವುದು ಹುಟ್ಟಿನಿಂದ ಬಂದದ್ದು. ಆಮೇಲೆ ಮೊಣಕಾಲು, ಮೊಣಕೈ, ಭುಜ. ಗಾಡಿಯ ಕೆಳಗೆ ಸಿಕ್ಕರೆ ಪಾದದ ಗಂಟು. ತಲೆ ಪ್ರತಿ ಸಲವೂ ತಾಗುವುದಿಲ್ಲ, ಆದರೆ ತಾಗಿದರೆ ಉಳಿದದ್ದೆಲ್ಲ ಲೆಕ್ಕಕ್ಕೇ ಬರುವುದಿಲ್ಲ.

"ನಾನು ಜೋರಾಗಿ ಓಡಿಸುವುದಿಲ್ಲ, ನನಗೇನೂ ಆಗುವುದಿಲ್ಲ" ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಗಾಡಿ ನಿಂತೇ ಇದ್ದರೂ, ಒಂದೂವರೆ ಮೀಟರ್ ಎತ್ತರದಿಂದ ತಲೆ ನೆಲಕ್ಕೆ ಬಂದರೆ ತಾಗುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 20 ಕಿ.ಮೀ. ಆಗಿರುತ್ತದೆ. ಅದು ಬರೀ ಎತ್ತರದ ಲೆಕ್ಕ. ಗಾಡಿಯ ವೇಗ ಅದರಲ್ಲಿ ಇಲ್ಲ. ಡಾಂಬರಿನ ಮೇಲೆ 20ರ ವೇಗದಲ್ಲಿ ಬರಿ ತಲೆ ಬಡಿಯುವುದು ಸಣ್ಣ ಪೆಟ್ಟಲ್ಲ.

ನಮ್ಮ ರಸ್ತೆಗಳಲ್ಲಿ ಸಣ್ಣ ವೇಗದಲ್ಲೇ ಬೀಳಿಸುವ ಕಾರಣಗಳು ಬಹಳ. ಎರಿ ಮಣ್ಣಿನ ರಾಡಿ ಒಂದು. ಸುಗ್ಗಿಯಲ್ಲಿ ರಸ್ತೆ ಮೇಲೆ ಹರವಿದ ಜೋಳ, ಗೋವಿನಜೋಳ, ಹುರುಳಿ ಇನ್ನೊಂದು. ಕಾಳಿನ ಮೇಲೆ ಗಾಲಿ ಹೋದರೆ ಗೋಲಿ ಮೇಲೆ ಹೋದ ಹಾಗೆ. ಊರೊಳಗೆ ತಗ್ಗು, ರಸ್ತೆ ಅಗೆದು ಮುಚ್ಚಿದ ಕಡೆ ಉಳಿದ ಉಸುಕು. ಬೆಳಕಿಲ್ಲದ ಟ್ರಾಲಿ, ಒಮ್ಮೆಲೆ ಅಡ್ಡ ಬರುವ ನಾಯಿ. ಇವು ಎದುರಾಗುವುದು ದೂರದ ಪ್ರವಾಸದಲ್ಲಿ ಅಂತ ಏನಿಲ್ಲ. ಹಾಲು ತರಲು ಹೋದಾಗಲೂ ಎದುರಾಗುತ್ತವೆ.

ಅದಕ್ಕೇ ನಾನು ಪ್ರತಿ ಸಾಮಾನಿಗೂ ಎರಡೇ ಪ್ರಶ್ನೆ ಕೇಳುತ್ತೇನೆ. ಇದು ನೆಲಕ್ಕೆ ತಾಗುವ ಭಾಗವನ್ನು ಮುಚ್ಚುತ್ತದಾ? ಏಪ್ರಿಲ್ ಬಿಸಿಲಲ್ಲಿ, ಎರಡು ಕಿಲೋಮೀಟರ್ ದೂರಕ್ಕೂ ನಾನು ಇದನ್ನು ಹಾಕಿಕೊಳ್ಳುತ್ತೇನಾ? ಎರಡಕ್ಕೂ ಹೌದು ಅನ್ನುವ ಸಾಮಾನು ಮೊದಲು.

ಹೆಲ್ಮೆಟ್: ನಾಲ್ಕು ಬಗೆ, ಒಂದನ್ನು ಈಗಲೇ ಬಿಡಿ

ರಸ್ತೆ ಪಕ್ಕದಲ್ಲಿ ಗುಡ್ಡೆ ಹಾಕಿ ಮಾರುವ ಟೋಪಿಯಂಥ ಹೆಲ್ಮೆಟ್ ಇದೆಯಲ್ಲ, ಕಿವಿ ಮೇಲಕ್ಕೇ ನಿಲ್ಲುವುದು, ಅದನ್ನು ಹೋಲಿಕೆಗೂ ತೆಗೆದುಕೊಳ್ಳುವುದಿಲ್ಲ. ಒಳಗೆ ಬೆರಳಿನಿಂದ ಒತ್ತಿ ನೋಡಿ. ಬರೀ ಸ್ಪಂಜು ಸಿಗುತ್ತದೆ. ಹೆಲ್ಮೆಟ್‌ನ ನಿಜವಾದ ಕೆಲಸ ಮಾಡುವುದು ಹೊರಗಿನ ಚಿಪ್ಪು ಮತ್ತು ಬಟ್ಟೆಯ ನಡುವೆ ಇರುವ ದಪ್ಪ ಥರ್ಮಾಕೋಲ್ ಪದರ. ಪೆಟ್ಟು ಬಿದ್ದಾಗ ಅದು ಕುಗ್ಗುತ್ತದೆ. ಕುಗ್ಗುವಾಗ ತಲೆ ನಿಲ್ಲಲು ಇನ್ನೊಂದಿಷ್ಟು ಜಾಗ, ಇನ್ನೊಂದಿಷ್ಟು ಹೊತ್ತು ಸಿಗುತ್ತದೆ. ಮಿದುಳನ್ನು ಉಳಿಸುವುದು ಆ ಹೊತ್ತು. ಆ ಪದರವೇ ಇಲ್ಲದಿದ್ದರೆ ಅದು ಪ್ಲಾಸ್ಟಿಕ್ ಬುಟ್ಟಿ.

ಉಳಿದದ್ದು ಮೂರು. ಮುಖ ತೆರೆದಿರುವ ಓಪನ್ ಫೇಸ್, ಗದ್ದ ಮುಚ್ಚುವ ಫುಲ್ ಫೇಸ್, ಗದ್ದದ ಭಾಗ ಮೇಲೆತ್ತಬಹುದಾದ ಮಾಡ್ಯುಲರ್, ಅಂಗಡಿಯವರು ಫ್ಲಿಪ್ ಅಪ್ ಅನ್ನುವುದು.

ಓಪನ್ ಫೇಸ್ ಹಗುರ, ಗಾಳಿ ಚೆನ್ನಾಗಿ ಬರುತ್ತದೆ, ಬೆಲೆ ಕಡಿಮೆ. ಸಾವಿರದ ಆಸುಪಾಸಿಗೆ ಸಿಗುತ್ತದೆ. ತಲೆಯ ಮೇಲ್ಭಾಗ, ಹಿಂಭಾಗ, ಕಿವಿ ಇವೆಲ್ಲ ಉಳಿಯುತ್ತವೆ. ಹಲ್ಲು, ದವಡೆ, ಮೂಗು ಉಳಿಯುವುದಿಲ್ಲ. ಮುಂದಕ್ಕೆ ಬಿದ್ದವರ ಮುಖ ನೆಲಕ್ಕೆ ಹೋಗುತ್ತದೆ. ನನ್ನ ಹೆಲ್ಮೆಟ್‌ನ ಗೀರು ಎಲ್ಲಿತ್ತು ಅಂತ ಆಗಲೇ ಹೇಳಿದೆ. ಫುಲ್ ಫೇಸ್‌ಗೆ ಐದುನೂರೋ ಸಾವಿರವೋ ಜಾಸ್ತಿ ಆಗಬಹುದು. ಒಂದು ಹಲ್ಲು ಕಟ್ಟಿಸಲು ಅದಕ್ಕಿಂತ ಜಾಸ್ತಿ ಖರ್ಚಾಗುತ್ತದೆ. ಸೆಖೆ ಆಗುತ್ತದೆ, ಒಪ್ಪುತ್ತೇನೆ. ಮುಂದೆ ಮತ್ತು ಮೇಲೆ ಗಾಳಿಯ ಕಿಂಡಿ ಇರುವುದನ್ನು, ಒಳಬಟ್ಟೆ ಬಿಚ್ಚಿ ತೊಳೆಯಲು ಬರುವುದನ್ನು ಆರಿಸಿಕೊಂಡರೆ ನಮ್ಮ ಬೇಸಿಗೆಯಲ್ಲೂ ಹಾಕಬಹುದು. ನಾನು ಹಾಕುತ್ತೇನೆ.

ಮಾಡ್ಯುಲರ್ ಕನ್ನಡಕದವರಿಗೆ ಅನುಕೂಲ. ಮೇಲೆತ್ತಿ ಹಾಕಿಕೊಳ್ಳಬಹುದು, ನಿಂತಲ್ಲಿ ಮಾತಾಡಬಹುದು. ಆದರೆ ತೂಕ ಜಾಸ್ತಿ. ಗದ್ದದ ಭಾಗ ಕೊಂಡಿಯ ಮೇಲೆ ನಿಂತಿರುತ್ತದೆ, ಹಾಗಾಗಿ ಅಗ್ಗದ ಮಾಡ್ಯುಲರ್ ಮೇಲೆ ನನಗೆ ನಂಬಿಕೆ ಇಲ್ಲ. ಇಸಿಇ ಅನ್ನುವ ಯುರೋಪಿನ ಸುರಕ್ಷತಾ ಪ್ರಮಾಣ ಇರುವ ಮಾಡ್ಯುಲರ್‌ಗಳ ಚೀಟಿಯಲ್ಲಿ ಪಿ ಮತ್ತು ಜೆ ಅಕ್ಷರ ನೋಡಿ. ಪಿ ಅಂದರೆ ಗದ್ದದ ಭಾಗವನ್ನೂ ಪರೀಕ್ಷೆ ಮಾಡಿದ್ದಾರೆ ಅಂತ. ಪಿ/ಜೆ ಅಂದರೆ ಮುಚ್ಚಿದಾಗಲೂ ತೆರೆದಾಗಲೂ ಪರೀಕ್ಷೆ ಆಗಿದೆ. ಬರೀ ಜೆ ಇದ್ದರೆ ಗದ್ದಕ್ಕೆ ರಕ್ಷಣೆ ಇದೆ ಅಂತ ಲೆಕ್ಕ ಹಿಡಿಯಬೇಡಿ. ಇನ್ನೊಂದು, ಮೇಲೆತ್ತಿಕೊಂಡೇ ಓಡಿಸುವ ಚಟ ಇರುವವರು ಫುಲ್ ಫೇಸ್ ತಗೊಳ್ಳುವುದೇ ಒಳ್ಳೆಯದು.

ಐಎಸ್‌ಐ, ಡಾಟ್, ಇಸಿಇ ಈ ಮೂರರ ಬಗ್ಗೆ ಅಂಗಡಿಯಲ್ಲಿ ಬಹಳ ಗೊಂದಲ ಮಾಡುತ್ತಾರೆ. ನಮ್ಮ ದೇಶದಲ್ಲಿ 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ವಾಹನದ ಹೆಲ್ಮೆಟ್ ಮಾರುವಂತಿಲ್ಲ. ಗುರುತಿನ ಮೇಲೆ ಐಎಸ್ 4151 ಅಂತ ಇರಬೇಕು, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಆ ನಂಬರನ್ನು ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಗೆ ಕೊಟ್ಟದ್ದು ಅಂತ ಗೊತ್ತಾಗುತ್ತದೆ. ಅಂಗಡಿಯಲ್ಲೇ ನಿಂತು ನೋಡಿ, ಎರಡು ನಿಮಿಷದ ಕೆಲಸ. ಡಾಟ್ ಅಮೆರಿಕದ್ದು. ಅಲ್ಲಿ ಕಂಪನಿಯೇ ತನ್ನ ಹೆಲ್ಮೆಟ್ ನಿಯಮಕ್ಕೆ ಸರಿ ಇದೆ ಅಂತ ಹೇಳಿಕೊಳ್ಳುವ ಪದ್ಧತಿ. ಹಾಗಾಗಿ ಬರೀ ಡಾಟ್ ಸ್ಟಿಕರ್ ನೋಡಿ ದುಡ್ಡು ಕೊಡಬೇಡಿ. ಇಸಿಇ ಯುರೋಪಿನ ಕಡೆಯದು. ಅದರ ಹೊಸ ಆವೃತ್ತಿ 22.06ರಲ್ಲಿ ಬೇರೆ ಬೇರೆ ವೇಗದ ಪೆಟ್ಟು ಮತ್ತು ತಲೆ ತಿರುಚುವಂಥ ಪೆಟ್ಟಿನ ಪರೀಕ್ಷೆಯೂ ಸೇರಿದೆ. ಮೂರೂವರೆ, ನಾಲ್ಕು ಸಾವಿರದ ಮೇಲೆ ಹೋದರೆ ಐಎಸ್‌ಐ ಮತ್ತು ಇಸಿಇ ಎರಡೂ ಇರುವ ಭಾರತದ್ದೇ ಹೆಲ್ಮೆಟ್‌ಗಳು ಸಿಗುತ್ತವೆ. ಹೆದ್ದಾರಿಯಲ್ಲಿ ದಿನಾ ಓಡಾಡುವವರಿಗೆ ಅದು ಒಳ್ಳೆಯದು. ಊರೊಳಗಿನವರಿಗೆ ಸರಿಯಾದ ಅಳತೆಯ ಐಎಸ್‌ಐ ಫುಲ್ ಫೇಸ್ ಸಾಕು, ಉಳಿದ ದುಡ್ಡು ಗ್ಲೌಸಿಗೆ ಹಾಕಿ. ಬ್ರ್ಯಾಂಡ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ. ನಮ್ಮ ಪಕ್ಕದ ಬೆಳಗಾವಿಯ ವೇಗಾ, ದೆಹಲಿ ಕಡೆಯ ಸ್ಟಡ್ಸ್, ಸ್ಟೀಲ್‌ಬರ್ಡ್ ಎಲ್ಲರ ಹತ್ತಿರವೂ ಒಳ್ಳೆಯ ಮಾದರಿಗಳಿವೆ. ಯಾರದು ನಿಮ್ಮ ತಲೆಗೆ ಕೂಡುತ್ತದೋ ಅವರದು ತಗೊಳ್ಳಿ.

ಅಳತೆ ವಿಷಯದಲ್ಲಿ ಮಾತ್ರ ಹಟ ಮಾಡಿ. ಹುಬ್ಬಿನ ಸ್ವಲ್ಪ ಮೇಲೆ ಟೇಪು ಸುತ್ತಿ ತಲೆಯ ಸುತ್ತಳತೆ ನೋಡಿಕೊಳ್ಳಿ. 58 ಸೆಂ.ಮೀ. ಅಂದರೆ ಸಾಮಾನ್ಯವಾಗಿ ಮೀಡಿಯಂ, 60 ಅಂದರೆ ಲಾರ್ಜ್. ಹಾಕಿಕೊಂಡಾಗ ಕೆನ್ನೆ ಸ್ವಲ್ಪ ಒತ್ತಬೇಕು. ಹೊಸದು ಬಿಗಿ ಅನಿಸಿದರೆ ಹೆದರಬೇಡಿ, ಕೆನ್ನೆಯ ಸ್ಪಂಜು ಕೆಲವು ವಾರದಲ್ಲಿ ಸಡಿಲಾಗುತ್ತದೆ. ಹಣೆಯ ಒಂದೇ ಕಡೆ ಒತ್ತಿ ನೋಯುತ್ತಿದ್ದರೆ ಮಾತ್ರ ಅದು ನಿಮ್ಮ ತಲೆಯ ಆಕಾರದ್ದಲ್ಲ. ಹತ್ತು ನಿಮಿಷ ಹಾಕಿಕೊಂಡೇ ಅಂಗಡಿಯಲ್ಲಿ ಕೂಡಿ. ಆಮೇಲೆ ಪಟ್ಟಿ ಬಿಗಿದು, ಜೊತೆಗೆ ಬಂದವರಿಗೆ ಹಿಂದಿನಿಂದ ಹೆಲ್ಮೆಟ್ ಎತ್ತಿ ಮುಂದಕ್ಕೆ ಉರುಳಿಸಲು ಹೇಳಿ. ಕಳಚಿ ಬಂದರೆ ಬೇಡ. ಪಟ್ಟಿ ಮತ್ತು ಗದ್ದದ ನಡುವೆ ಎರಡು ಬೆರಳು ಹೋಗುವಷ್ಟೇ ಜಾಗ ಇರಲಿ. ಪಟ್ಟಿ ಹಾಕದ ಹೆಲ್ಮೆಟ್ ಬೀಳುವಾಗ ನಿಮಗಿಂತ ಮೊದಲೇ ಹಾರಿ ಹೋಗುತ್ತದೆ.

ಗಾಜು ಬಿಳಿಯದೇ ಇರಲಿ. ಕಪ್ಪು ಗಾಜು ಹಗಲಿಗೆ ಚೆಂದ. ಸಂಜೆ ನನ್ನ ದಾರಿಯ ನಲವಡಿ ಊರು ದಾಟುವಾಗ ಬೆಳಕಿಲ್ಲದ ಟ್ರಾಲಿ ಎದುರಿಗಿದ್ದರೆ ಕಾಣುವುದಿಲ್ಲ.

ದಂಡದ ಮಾತು ಸ್ವಲ್ಪ. ಹೆಲ್ಮೆಟ್ ಇಲ್ಲದಿದ್ದರೆ ಕಾಯ್ದೆಯಲ್ಲಿ 1,000 ರೂಪಾಯಿ ಇತ್ತು, 2019ರಲ್ಲಿ ಕರ್ನಾಟಕದಲ್ಲಿ ಅದನ್ನು 500ಕ್ಕೆ ಇಳಿಸಿದರು. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಆದರೆ ನಾನು ನಿಮಗೆ ಹೇಳಬೇಕೆಂದಿರುವುದು ದಂಡದ ಅಂಕಿ ಅಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2008ರ ಕೊಕ್ರೇನ್ ವಿಮರ್ಶೆಯಲ್ಲಿ, ಹೆಲ್ಮೆಟ್ ಹಾಕಿದ ಬೈಕ್ ಸವಾರರಲ್ಲಿ ಸಾವಿನ ಅಪಾಯ ಸುಮಾರು 42 ಶೇಕಡಾ, ತಲೆಗೆ ಗಾಯವಾಗುವ ಅಪಾಯ ಸುಮಾರು 69 ಶೇಕಡಾ ಕಡಿಮೆ ಅಂತ ಕಂಡುಬಂತು. ಬೇರೆ ಯಾವ ಸಾಮಾನೂ ಸಾವಿರ ಎರಡು ಸಾವಿರ ರೂಪಾಯಿಗೆ ಇಷ್ಟು ಕೊಡುವುದಿಲ್ಲ.

ಗ್ಲೌಸ್: ಎಲ್ಲರೂ ಮರೆಯುವುದು

ನನ್ನ ಎರಡು ಕೈಗಳ ಕಥೆ ಕೇಳಿದ ಮೇಲೆ ಇದನ್ನು ಎರಡನೇ ಜಾಗದಲ್ಲಿ ಯಾಕೆ ಇಟ್ಟೆ ಅಂತ ಗೊತ್ತಾಗಿರಬೇಕು. ಅಂಗೈ ಗಾಯ ಸಣ್ಣದು ಅನಿಸುತ್ತದೆ. ಅನುಭವಿಸಿದವರಿಗೆ ಗೊತ್ತು, ಊಟ, ಸ್ನಾನ, ಗುಂಡಿ ಹಾಕಿಕೊಳ್ಳುವುದು ಎಲ್ಲಕ್ಕೂ ಇನ್ನೊಬ್ಬರು ಬೇಕು.

ಚಳಿಗೆ ಹಾಕುವ ಉಣ್ಣೆಯ ಗ್ಲೌಸ್, ಬಿಸಿಲಿಗೆ ಕೈ ಕಪ್ಪಾಗಬಾರದು ಅಂತ ಹಾಕುವ ತೆಳು ಬಟ್ಟೆಯ ಗ್ಲೌಸ್, ಇವೆರಡೂ ಡಾಂಬರಿನ ಮುಂದೆ ಇಲ್ಲದ ಹಾಗೆಯೇ. ಬೆರಳು ತೆರೆದಿರುವ ಅರ್ಧ ಗ್ಲೌಸ್ ಜಿಮ್‌ಗೆ ಸರಿ. ಬೆರಳ ತುದಿಯೂ ನೆಲಕ್ಕೆ ತಾಗುತ್ತದೆ, ಅದನ್ನೇ ಬಿಟ್ಟು ಉಳಿದದ್ದು ಮುಚ್ಚಿ ಏನು ಪ್ರಯೋಜನ?

ನಿಜವಾದ ಆಯ್ಕೆ ಎರಡರ ನಡುವೆ. ಒಂದು, ಮೇಲ್ಭಾಗ ಜಾಳಿಗೆ ಬಟ್ಟೆ, ಅಂಗೈಗೆ ಚರ್ಮ ಇರುವ ಬೇಸಿಗೆ ಗ್ಲೌಸ್. ಇನ್ನೊಂದು, ಪೂರ್ತಿ ಚರ್ಮದ್ದು. ಪೂರ್ತಿ ಚರ್ಮದ್ದು ಗಟ್ಟಿ, ಬಹಳ ವರ್ಷ ಬಾಳುತ್ತದೆ. ಆದರೆ ನಮ್ಮ ಮೇ ತಿಂಗಳಲ್ಲಿ ಬೆವರಿ ಬೆವರಿ ಮೂರನೇ ದಿನಕ್ಕೆ ಬಿಟ್ಟು ಹೋಗುತ್ತೀರಿ. ಮಳೆಗಾಲದಲ್ಲಿ ಒದ್ದೆಯಾದರೆ ಒಣಗಲು ಎರಡು ದಿನ ಬೇಕು, ವಾಸನೆ ಬೇರೆ. ಊರಿನ ಓಡಾಟಕ್ಕೆ ನನ್ನ ಮತ ಜಾಳಿಗೆಯದಕ್ಕೆ.

ಕೊಳ್ಳುವಾಗ ಅಂಗೈಯ ಕೆಳಭಾಗ ನೋಡಿ, ಮಣಿಕಟ್ಟಿನ ಹತ್ತಿರ. ಅಲ್ಲಿ ಎರಡು ಪದರ ಚರ್ಮ ಅಥವಾ ಗಟ್ಟಿ ಪ್ಲಾಸ್ಟಿಕ್ ತುಂಡು ಇರಬೇಕು. ಬಿದ್ದಾಗ ಬರಿ ಅಂಗೈ ಡಾಂಬರಿಗೆ ಕಚ್ಚಿಕೊಳ್ಳುತ್ತದೆ, ಮೈಯ ಭಾರ ಎಲ್ಲಾ ಮಣಿಕಟ್ಟಿನ ಮೇಲೆ ಬಂದು ಎಲುಬು ಮುರಿಯಬಹುದು. ಆ ಪ್ಲಾಸ್ಟಿಕ್ ಇದ್ದರೆ ಕೈ ಜಾರುತ್ತದೆ. ಜಾರಿದರೆ ಮಣಿಕಟ್ಟಿನ ಮೇಲೆ ಬೀಳುವ ಹೊರೆ ಕಡಿಮೆ. ಬೆರಳ ಗೆಣ್ಣಿನ ಮೇಲಿನ ಹೊಳೆಯುವ ಗಟ್ಟಿ ಭಾಗ ಎಲ್ಲರ ಕಣ್ಣಿಗೆ ಬೀಳುತ್ತದೆ, ಆದರೆ ಸಣ್ಣ ಬೀಳುವಿಕೆಯಲ್ಲಿ ಕೆಲಸಕ್ಕೆ ಬರುವುದು ಅಂಗೈಯೇ. ಮಣಿಕಟ್ಟಿಗೆ ವೆಲ್ಕ್ರೋ ಪಟ್ಟಿ ಬೇಕು. ಬಿಗಿದ ಮೇಲೆ ಬೆರಳ ತುದಿ ಹಿಡಿದು ಎಳೆದರೆ ಕಳಚಬಾರದು. ಒಳಗಿನ ಚೀಟಿಯಲ್ಲಿ ಇಎನ್ 13594 (ಇಎನ್ ಅಂದರೆ ಯುರೋಪಿನ ಪ್ರಮಾಣ) ಅಂತ ಇದ್ದರೆ ಅದು ಸವಾರರ ಗ್ಲೌಸ್ ಅಂತ ಪರೀಕ್ಷೆಯಾದದ್ದು. ಸಾವಿರದೈದುನೂರರಿಂದ ಮೂರು ಸಾವಿರದೊಳಗೆ ಒಳ್ಳೆಯದು ಸಿಗುತ್ತದೆ.

ಫೋನ್ ಮುಟ್ಟಲು ಬರುವ ಬೆರಳ ತುದಿ ಇದ್ದರೆ ಒಳ್ಳೆಯದು. ಫೋನ್‌ಗಾಗಿ ಗ್ಲೌಸ್ ತೆಗೆದು ಮತ್ತೆ ಹಾಕಲು ಮರೆಯುವವರು ಬಹಳ. ನಾನು ಗಾಜು ಒರೆಸಲು ತೆಗೆದೆ. ಈಗ ಎಡಗೈ ತೋರುಬೆರಳಿಗೆ ರಬ್ಬರ್ ಪಟ್ಟಿ ಇರುವ ಗ್ಲೌಸ್ ತಗೊಂಡಿದ್ದೇನೆ, ತೆಗೆಯದೆಯೇ ಗಾಜು ಒರೆಸಬಹುದು.

ಮೊಣಕಾಲು: ಹೊರಗೆ ಕಟ್ಟುವುದಾ, ಪ್ಯಾಂಟಿನೊಳಗೆ ಇರುವುದಾ?

ಜೀನ್ಸ್ ಹಾಕಿದರೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ಸಾದಾ ಜೀನ್ಸ್ ಡಾಂಬರಿನ ಮೇಲೆ ಬಹಳ ಬೇಗ ತೂತಾಗುತ್ತದೆ. ಪೆಟ್ಟನ್ನಂತೂ ಅದು ತಡೆಯುವುದೇ ಇಲ್ಲ. ಮೊಣಕಾಲಿನ ಚಿಪ್ಪು ನೇರ ನೆಲಕ್ಕೆ ಬಡಿಯುವಾಗ ಬೇಕಾಗುವುದು ದಪ್ಪ ಗಾರ್ಡ್.

ಆರ್ಮರ್, ಅಂದರೆ ಒಳಗೇ ಕೂಡಿಸಿದ ಗಾರ್ಡ್ ಇರುವ ರೈಡಿಂಗ್ ಪ್ಯಾಂಟ್ ಎಲ್ಲಕ್ಕಿಂತ ಒಳ್ಳೆಯದು, ಸುಳ್ಳಲ್ಲ. ಗಾರ್ಡ್ ಜಾಗ ಬಿಟ್ಟು ಸರಿಯುವುದಿಲ್ಲ, ಸೊಂಟದ ಬದಿಗೂ ರಕ್ಷಣೆ ಸಿಗುತ್ತದೆ. ಆದರೆ ಶಾಲೆಗೆ, ಆಫೀಸಿಗೆ, ಬ್ಯಾಂಕಿಗೆ ಹೋಗುವವರು ಅಲ್ಲಿ ಹೋಗಿ ಪ್ಯಾಂಟ್ ಬದಲಿಸಬೇಕು. ಎಷ್ಟು ದಿನ ಮಾಡುತ್ತೀರಿ? ನಾನು ಎರಡು ವಾರ ಮಾಡಿ ಬಿಟ್ಟೆ. ಅರಾಮಿಡ್ ಅನ್ನುವ, ಬೇಗ ಹರಿಯದ ಗಟ್ಟಿ ನೂಲು ಸೇರಿಸಿದ ರೈಡಿಂಗ್ ಜೀನ್ಸ್ ನೋಡಲು ಸಾದಾ ಜೀನ್ಸ್ ಹಾಗೇ ಇರುತ್ತದೆ, ಒಳಗೆ ಮೊಣಕಾಲಿನ ಜೇಬಿನಲ್ಲಿ ಗಾರ್ಡ್ ಇರುತ್ತದೆ. ಜೀನ್ಸ್ ಹಾಕಬಹುದಾದ ಕೆಲಸ ಇದ್ದವರಿಗೆ ಅದು ಬಹಳ ಚಲೋ ಆಯ್ಕೆ. ಬೆಲೆ ಮಾತ್ರ ಜಾಸ್ತಿ.

ನನ್ನಂಥವರಿಗೆ ಉಳಿಯುವುದು ಪ್ಯಾಂಟಿನ ಮೇಲೆ ಕಟ್ಟುವ ನೀ ಗಾರ್ಡ್. ಅರ್ಧ ನಿಮಿಷದಲ್ಲಿ ಕಟ್ಟಬಹುದು, ಬಿಚ್ಚಿ ಹ್ಯಾಂಡಲ್‌ಗೆ ಸಿಕ್ಕಿಸಿಯೋ ಬ್ಯಾಗಿಗೆ ಹಾಕಿಯೋ ಒಳಗೆ ಹೋಗಬಹುದು. ಇದರ ದೋಷ ಒಂದೇ. ಪಟ್ಟಿ ಸಡಿಲ ಇದ್ದರೆ ಬಿದ್ದ ಕ್ಷಣದಲ್ಲಿ ಪಕ್ಕಕ್ಕೆ ತಿರುಗಿಬಿಡುತ್ತದೆ. ಮೊಣಕಾಲಿನ ಮೇಲೂ ಕೆಳಗೂ ಪಟ್ಟಿ ಇರುವುದನ್ನೇ ತಗೊಳ್ಳಿ. ಕಟ್ಟಿಕೊಂಡು ಗಾಡಿ ಮೇಲೆ ಕೂತು, ಕೈಯಿಂದ ಪಕ್ಕಕ್ಕೆ ತಳ್ಳಿ ನೋಡಿ. ನಿಂತು ನೋಡಿದರೆ ಸಾಲದು, ಮೊಣಕಾಲು ಮಡಚಿದಾಗ ಗಾರ್ಡ್ ಎಲ್ಲಿರುತ್ತದೆ ಅನ್ನುವುದೇ ಮುಖ್ಯ.

ಇಲ್ಲಿ ಒಂದು ಅಂಕಿ ತಿಳಿದುಕೊಂಡಿರಿ. ಗಾರ್ಡ್ ಮೇಲೆ ಇಎನ್ 1621-1 ಅಂತ ಬರೆದಿದ್ದು, ಪಕ್ಕದಲ್ಲಿ 1 ಅಥವಾ 2 ಇರುತ್ತದೆ. ಪರೀಕ್ಷೆಯಲ್ಲಿ ಪೆಟ್ಟು ಕೊಟ್ಟಾಗ ಗಾರ್ಡ್ ದಾಟಿ ಒಳಗೆ ಬರುವ ಬಲ ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1, 20ರ ಒಳಗಿದ್ದರೆ ಲೆವೆಲ್ 2. ಅಂದರೆ ಲೆವೆಲ್ 2ರಲ್ಲಿ ಎಲುಬಿಗೆ ಬರುವ ಪೆಟ್ಟು ಬಹಳ ಕಡಿಮೆ. ಹಿಂದೆ ಲೆವೆಲ್ 2 ದಪ್ಪ ಇರುತ್ತಿತ್ತು, ಈಗ ಮೆತ್ತಗೆ ಇದ್ದು ಪೆಟ್ಟಿಗೆ ಗಟ್ಟಿಯಾಗುವ ವಸ್ತುವಿನಲ್ಲಿ ಬರುತ್ತಿದೆ. ಬೆಲೆಯಲ್ಲಿ ನಾಲ್ಕೈದುನೂರು ವ್ಯತ್ಯಾಸ ಇದ್ದರೆ ಲೆವೆಲ್ 2 ತಗೊಳ್ಳಿ. ಮೊಣಕೈ ಗಾರ್ಡ್‌ಗೂ ಇದೇ ಲೆಕ್ಕ.

ಜಾಕೆಟ್: ಒಳ್ಳೆಯದು, ಆದರೆ ಮೂರನೆಯದೋ ನಾಲ್ಕನೆಯದೋ

ಜಾಕೆಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಭುಜ, ಮೊಣಕೈ, ಬೆನ್ನು ಮೂರನ್ನೂ ಒಟ್ಟಿಗೆ ಕಾಯುವುದು ಅದೊಂದೇ. ನರೇಂದ್ರ ಬೈಪಾಸ್ ಮೇಲೆ ಲಾರಿಗಳ ನಡುವೆ ದಿನಾ ಹೋಗುವವರಿಗೆ, ಗದಗ, ಹಾವೇರಿ ಅಂತ ವಾರಕ್ಕೆ ಮೂರು ಸಲ ತಿರುಗುವ ಮಾರಾಟದ ಕೆಲಸದವರಿಗೆ ಇದು ಬೇಕೇ ಬೇಕು. ಆದರೆ ಧಾರವಾಡದಿಂದ ಹುಬ್ಬಳ್ಳಿಗೆ ನವನಗರ, ಉಣಕಲ್ ದಾಟಿ ಸಿಗ್ನಲ್ ಸಿಗ್ನಲ್‌ಗೆ ನಿಂತು ಬರುವ ಹುಡುಗ, ಚೆನ್ನಮ್ಮ ಸರ್ಕಲ್‌ನ ಬಿಸಿಲಲ್ಲಿ ಜಾಕೆಟ್ ಹಾಕಿ ಎಷ್ಟು ದಿನ ನಿಂತಾನು? ಮಾರ್ಚ್‌ಗೆ ಅದು ಗೂಟಕ್ಕೆ ಹೋಗುತ್ತದೆ. ನನ್ನದು ಹಾಗೇ ಹೋಯಿತು.

ನನ್ನ ತಪ್ಪು ಬಟ್ಟೆಯಲ್ಲಿತ್ತು. ನಾನು ತಂದದ್ದು ದಪ್ಪ ಟೆಕ್ಸ್‌ಟೈಲ್, ಒಳಗೆ ಮಳೆಯ ಪದರ ಸೇರಿಸಿದ್ದು. ಚಳಿಗಾಲದ ಬೆಳಗಿಗೆ ಸುಖ, ಉಳಿದ ಒಂಬತ್ತು ತಿಂಗಳು ಕಷ್ಟ. ನಮ್ಮ ಹವೆಗೆ ಜಾಳಿಗೆಯ ಜಾಕೆಟ್ ಸರಿ. ಗಾಡಿ ಓಡುವಾಗ ಗಾಳಿ ಆರಪಾರ ಹೋಗುತ್ತದೆ. ನಿಂತಾಗ ಮಾತ್ರ ಬೆವರುತ್ತದೆ. ಜಾರಿದಾಗ ಉಜ್ಜುವಿಕೆಯನ್ನು ತಡೆಯುವುದರಲ್ಲಿ ಜಾಳಿಗೆ ಹಿಂದೆ, ಚರ್ಮ ಎಲ್ಲಕ್ಕಿಂತ ಮುಂದೆ. ಆದರೂ ಹಾಕಿಕೊಂಡ ಜಾಳಿಗೆಯೇ ಮೇಲು. ಭುಜ ಮತ್ತು ಮೊಣಕೈಯ ಮೇಲೆ ಜಾಳಿಗೆ ಬದಲು ಗಟ್ಟಿ ಬಟ್ಟೆ ಹೊಲಿದಿರುವುದನ್ನು ಹುಡುಕಿ.

ಚೀಟಿಯಲ್ಲಿ ಇಎನ್ 17092 ಇದ್ದರೆ ಅದರ ಜೊತೆ ಎ, ಎಎ, ಎಎಎ ಅಂತ ದರ್ಜೆ ಇರುತ್ತದೆ. ಎ ಹಗುರ, ಊರಿಗೆ. ಎಎ ಹೆದ್ದಾರಿಗೆ. ಎಎಎ ಸಾಮಾನ್ಯವಾಗಿ ರೇಸಿನವರು ಹಾಕುವಂಥದ್ದು. ಇನ್ನು ಬೆನ್ನು. ಬಹಳ ಜಾಕೆಟ್‌ಗಳಲ್ಲಿ ಭುಜ, ಮೊಣಕೈಗೆ ನಿಜವಾದ ಗಾರ್ಡ್ ಇದ್ದು, ಬೆನ್ನಿಗೆ ಬರೀ ಸ್ಪಂಜಿನ ಹಾಳೆ ಇಟ್ಟಿರುತ್ತಾರೆ. ಹಿಂದಿನ ಜೇಬಿನ ಜಿಪ್ ತೆಗೆದು ಹೊರಗೆಳೆದು ನೋಡಿ. ಇಎನ್ 1621-2 ಅಂತ ಅಚ್ಚಾಗಿರಬೇಕು. ಇಲ್ಲದಿದ್ದರೆ ಬೇರೆ ತಗೊಂಡು ಹಾಕಿಸಬೇಕು, ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಬಣ್ಣ ಕಪ್ಪೇ ಬೇಕು ಅನ್ನುವವರೇ ಜಾಸ್ತಿ. ಧೂಳು ಕಾಣುವುದಿಲ್ಲ ಅಂತ. ಸಂಜೆ ಹೊತ್ತಿಗೆ ಲಾರಿಯವರಿಗೆ ನೀವೂ ಕಾಣುವುದಿಲ್ಲ. ಕಪ್ಪೇ ತಗೊಂಡರೆ ಬೆನ್ನಿಗೂ ತೋಳಿಗೂ ರೇಡಿಯಂ ಪಟ್ಟಿ ಹಚ್ಚಿಸಿಕೊಳ್ಳಿ.

ಜಾಕೆಟ್ ಸಾಧ್ಯವೇ ಇಲ್ಲದವರು ಶರ್ಟಿನ ಮೇಲೆ ಮೊಣಕೈ ಗಾರ್ಡ್ ಕಟ್ಟಿಕೊಂಡು ತುಂಬು ತೋಳಿನ ದಪ್ಪ ಬಟ್ಟೆ ಹಾಕಿದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ಕಾಲಿಗೆ

ಚಪ್ಪಲಿಯಲ್ಲಿ ಗಾಡಿ ಓಡಿಸಬೇಡಿ. ಬಿದ್ದಾಗ ಮೊದಲು ಚಪ್ಪಲಿ ಹೋಗುತ್ತದೆ, ಆಮೇಲೆ ಬೆರಳು. ರೈಡಿಂಗ್ ಬೂಟಿಗೆ ದುಡ್ಡಿಲ್ಲದಿದ್ದರೆ ಪಾದದ ಗಂಟು ಮುಚ್ಚುವ ಯಾವುದೇ ಗಟ್ಟಿ ಬೂಟು ನಡೆಯುತ್ತದೆ. ತಾರಿಹಾಳ, ಗೋಕುಲ ರೋಡ್ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರ ಹತ್ತಿರ ಸೇಫ್ಟಿ ಶೂ ಇದ್ದೇ ಇರುತ್ತದೆ. ಅದನ್ನು ಕಾರ್ಖಾನೆಯ ಗೇಟಿನಲ್ಲಿ ಹಾಕುವ ಬದಲು ಮನೆಯಿಂದಲೇ ಹಾಕಿಕೊಂಡು ಹೋಗಿ. ಲೇಸು ಉದ್ದ ಬಿಡಬೇಡಿ, ಗೇರ್ ಕಡ್ಡಿಗೆ ಸಿಕ್ಕುತ್ತದೆ.

ಸ್ಕೂಟರ್ ಓಡಿಸುವ ಅಕ್ಕ ತಂಗಿಯರಿಗೆ ಒಂದು ಮಾತು. ಗಂಡಸರ ಅಳತೆಯ ಹೆಲ್ಮೆಟ್ ಹಾಕಿ ಅದು ಕಣ್ಣ ಮೇಲೆ ಬೀಳುತ್ತಿದ್ದರೂ ಸುಮ್ನೆ ಇರುವವರನ್ನು ಬಹಳ ನೋಡಿದ್ದೇನೆ. ಸಣ್ಣ ಅಳತೆಯಲ್ಲೂ ಫುಲ್ ಫೇಸ್ ಸಿಗುತ್ತದೆ, ಕೇಳಿ. ಜಡೆ ಕೆಳಗೆ, ಕುತ್ತಿಗೆಯ ಹತ್ತಿರ ಇರಲಿ. ತುರುಬು ಇದ್ದರೆ ಹೆಲ್ಮೆಟ್ ಕೂಡುವುದಿಲ್ಲ. ಓಡ್ನಿ, ಸೆರಗು ಗಾಲಿಗೆ ಹೋಗದ ಹಾಗೆ ಸೊಂಟಕ್ಕೆ ಸಿಕ್ಕಿಸಿ. ಚೂಡಿದಾರದ ಮೇಲೆ ನೀ ಗಾರ್ಡ್ ಚೆನ್ನಾಗಿಯೇ ಕೂಡುತ್ತದೆ. ನನ್ನ ಮನೆಯವರು ಈಗ ಕಟ್ಟುತ್ತಾರೆ. ಮೊದಲ ವಾರ ಓಣಿಯವರು ನೋಡಿದರು, ಆಮೇಲೆ ಇಬ್ಬರು ಬಂದು ಎಲ್ಲಿ ತಂದಿರಿ ಅಂತ ಕೇಳಿದರು.

ಅಳಿಯನ ಎಂಟು ಸಾವಿರ

ಕೊನೆಗೆ ಅವನಿಗೆ ಹೀಗೆ ಹಂಚಿ ಕೊಟ್ಟೆ. ಐಎಸ್‌ಐ ಫುಲ್ ಫೇಸ್ ಹೆಲ್ಮೆಟ್‌ಗೆ ಎರಡು ಸಾವಿರ. ಜಾಳಿಗೆಯ ಗ್ಲೌಸಿಗೆ ಎರಡು ಸಾವಿರ. ಲೆವೆಲ್ 2 ನೀ ಗಾರ್ಡ್‌ಗೆ ಎರಡು ಸಾವಿರ. ಪಾದದ ಗಂಟು ಮುಚ್ಚುವ ಬೂಟಿಗೆ ಉಳಿದ ಎರಡು ಸಾವಿರ. ಜಾಕೆಟ್ ಮುಂದಿನ ದೀಪಾವಳಿಗೆ, ಅದೂ ಜಾಳಿಗೆಯದೇ. ಅವನಿಗೆ ಮೊದಲು ಸ್ವಲ್ಪ ಬೇಜಾರಾಯಿತು. "ಮಾಮಾ, ನೀ ಗಾರ್ಡ್ ಕಟ್ಟಿಕೊಂಡು ಆಫೀಸಿಗೆ ಹೋದರ ಎಲ್ಲಾರೂ ನೋಡ್ತಾರ" ಅಂದ. ನನ್ನ ಅಂಗೈಯ ಫೋಟೋ ಕಳಿಸಿದೆ.

ಎರಡೂವರೆ ಮೂರು ಸಾವಿರ ಅಷ್ಟೇ ಇದೆ ಅನ್ನುವವರು ಹೆಲ್ಮೆಟ್ ಮತ್ತು ಗ್ಲೌಸ್ ತಗೊಳ್ಳಿ. ಗ್ಲೌಸಿಗೆ ದುಡ್ಡು ಉಳಿಸಲು ಹೆಲ್ಮೆಟ್‌ನ ಬಣ್ಣ, ಚಿತ್ರ ಬಿಡಿ. ಒಂದೇ ಮಾದರಿಯಲ್ಲಿ ಚಿತ್ರ ಇರುವುದಕ್ಕೂ ಸಾದಾ ಬಣ್ಣಕ್ಕೂ ಕೆಲವು ನೂರು ರೂಪಾಯಿ ವ್ಯತ್ಯಾಸ ಇರುತ್ತದೆ, ಒಳಗಿನದು ಒಂದೇ. ಹದಿನೈದು ಸಾವಿರ ಇದ್ದು ಹೆದ್ದಾರಿಯಲ್ಲೇ ಕೆಲಸ ಇದ್ದವರು ಇಸಿಇ ಹೆಲ್ಮೆಟ್, ಎಎ ದರ್ಜೆಯ ಜಾಕೆಟ್ ಕಡೆ ಹೋಗಬಹುದು. ಗಾಡಿಗೆ ಲೆಗ್ ಗಾರ್ಡ್ ಇಲ್ಲದಿದ್ದರೆ ಅದನ್ನೂ ಹಾಕಿಸಿ, ಪಕ್ಕಕ್ಕೆ ಬಿದ್ದಾಗ ಕಾಲು ಗಾಡಿಯ ಕೆಳಗೆ ಸಿಗುವುದು ಕಡಿಮೆಯಾಗುತ್ತದೆ.

ಬಿದ್ದ ಮೇಲೆ

ಎದ್ದ ಕೂಡಲೇ ಏನೂ ನೋವಿಲ್ಲ ಅನಿಸುತ್ತದೆ. ಅದನ್ನು ನಂಬಬೇಡಿ, ಮೈ ಆಗ ಬೆದರಿರುತ್ತದೆ. ರಸ್ತೆ ಬದಿಗೆ ಬಂದು ಹತ್ತು ನಿಮಿಷ ಕೂಡಿ. ಗಾಯವನ್ನು ಬಹಳ ನೀರಿನಲ್ಲಿ ತೊಳೆಯಿರಿ, ಒಳಗೆ ಕೂತ ಖಡಿ ಬರದಿದ್ದರೆ ಆಸ್ಪತ್ರೆಯಲ್ಲಿ ತೆಗೆಸಿ. ಅರಿಶಿನ, ಕಾಫಿಪುಡಿ ಏನೂ ಹಾಕಬೇಡಿ. ಧನುರ್ವಾಯು ಇಂಜೆಕ್ಷನ್ ಬೇಕಾ ಅಂತ ಡಾಕ್ಟರನ್ನು ಕೇಳಿ. ತಲೆಗೆ ಪೆಟ್ಟು ಬಿದ್ದು ವಾಂತಿ, ಜಾಸ್ತಿಯಾಗುವ ತಲೆನೋವು, ತೂಕಡಿಕೆ, ಮಾತು ತೊದಲುವುದು ಕಂಡರೆ ರಾತ್ರಿಯಾದರೂ ಕೂಡಲೇ ಹೋಗಿ.

ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡದ ತಗ್ಗಿನಲ್ಲಿ ಒತ್ತಿದರೆ ನೋವು ಇದ್ದರೆ ಹುಷಾರು. ಅಲ್ಲಿ ಸ್ಕಾಫಾಯ್ಡ್ ಅನ್ನುವ ಸಣ್ಣ ಎಲುಬು ಇದೆ. ಅದು ಬಿರುಕು ಬಿಟ್ಟರೂ ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ನೋವು ಹೋಗದಿದ್ದರೆ ಹತ್ತು ಹದಿನಾಲ್ಕು ದಿನದ ನಂತರ ಮತ್ತೆ ತೆಗೆಸಬೇಕು. ನನಗೂ ಹಾಗೇ ಎರಡು ಸಲ ತೆಗೆದರು. ಪುಣ್ಯಕ್ಕೆ ಎಲುಬು ಸರಿ ಇತ್ತು.

ಇನ್ನು ಹೆಲ್ಮೆಟ್. ತಲೆ ಒಳಗಿದ್ದಾಗ ನೆಲಕ್ಕೆ ಬಡಿದ ಹೆಲ್ಮೆಟ್ ಮತ್ತೆ ಹಾಕಬಾರದು. ಹೊರಗೆ ಬರೀ ಗೀರು ಕಾಣಬಹುದು, ಒಳಗಿನ ಥರ್ಮಾಕೋಲ್ ಕುಗ್ಗಿರುತ್ತದೆ. ಕುಗ್ಗಿದ್ದು ಮತ್ತೆ ಉಬ್ಬುವುದಿಲ್ಲ. ಹೊಸದಕ್ಕೂ ಇದೇ ಕಾರಣಕ್ಕೆ ಜೋಪಾನ ಬೇಕು. ಗಾಡಿಯ ಕನ್ನಡಿಗೆ ಸಿಕ್ಕಿಸಿ ಇಟ್ಟರೆ ಕನ್ನಡಿಯ ತುದಿ ಒಳಗಿನ ಪದರವನ್ನು ಒತ್ತಿ ತಗ್ಗು ಮಾಡುತ್ತದೆ. ಪೆಟ್ರೋಲ್, ಥಿನ್ನರ್ ಹಾಕಿ ಒರೆಸಬೇಡಿ.

ಗಾಡಿ ರಿಪೇರಿಗೆ ಬಿಟ್ಟಾಗ ಗ್ಯಾರೇಜಿನ ಹುಡುಗ ನನ್ನ ಹಳೆ ಹೆಲ್ಮೆಟ್ ಕೈಗೆತ್ತಿಕೊಂಡು ತಿರುಗಿಸಿ ನೋಡಿದ. "ಸರ, ಚಲೋ ಐತಲ್ರಿ, ಒಗೆಯೂದಾದ್ರ ನನಗ ಕೊಡ್ರಿ" ಅಂದ. ಅವನ ಹತ್ತಿರ ಇದ್ದದ್ದು ಟೋಪಿಯಂಥದ್ದು. ಕೊಡಲಿಲ್ಲ. ಅವನ ಕೈಯಿಂದಲೇ ಕತ್ತರಿ ತೆಗೆದುಕೊಂಡು ಎರಡೂ ಪಟ್ಟಿ ಕತ್ತರಿಸಿದೆ, ಬೇರೆ ಯಾರೂ ಎತ್ತಿಕೊಂಡು ಹಾಕಬಾರದು ಅಂತ. ಮರುವಾರ ಗಾಡಿ ತರಲು ಹೋದಾಗ ಅವನ ತಲೆಯ ಅಳತೆ ತಗೊಂಡೆ. 56 ಇತ್ತು.